ಎರಡು ಗಂಡುನಾಯಿಗಳಿದ್ದ ಮನೆ

ಜನವರಿ 12

ಪ್ರೀತಿಯ ಪುಟ್ಟಾ,

ನೀನು ದೋಣಿ ಹತ್ತಿದ ಮರುದಿನವೇ ಬರೆಯಬೇಕೆಂದಿದ್ದೆ, ಪರದೆಗಳ ಕೆಲಸ ಬಿಡಲಿಲ್ಲ. ಹೋಟೆಲಿನವರೊಬ್ಬರು ತಮ್ಮ ಕೋಣೆಗಳಿಗೆಲ್ಲ ಹೊಸ ಪರದೆ ಹೊಲಿದುಕೊಡಿ ಎಂದು ಬಟ್ಟೆಯ ಥಾನುಗಳನ್ನು ತಂದು ಹಾಲಿನ ತುಂಬ ಪೇರಿಸಿ ಹೋಗಿದ್ದಾರೆ. ನಿನ್ನ ಬುಗುರಿ ಒಂದೊಂದನ್ನೂ ಮೂಸಿ ನೋಡಿ, ಎಲ್ಲಕ್ಕಿಂತ ಚೆಂದದ ನೀಲಿ ಥಾನನ್ನೇ ಆರಿಸಿ ಕಾಲೆತ್ತಿದ. ನಾಯಿಗೆ ಅಭಿರುಚಿ ಇದೆ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಸೋಫಾದ ಕಾಲು, ಹೊಲಿಗೆ ಮಿಷನ್ನಿನ ಪೆಡಲು, ನಿನ್ನ ಭಾವನ ಪುಸ್ತಕದ ಕಪಾಟು. ಅವನು ಮುಂದೆ, ಬಕೆಟ್ಟು ಹಿಡಿದ ನಾನು ಹಿಂದೆ. ಮನೆಯೆಲ್ಲ ಫಿನಾಯಿಲ್ ವಾಸನೆ.

ನೀನಿದ್ದಾಗ ಹಿತ್ತಿಲ ಕೋಣೆಯಲ್ಲಿ ನಿನ್ನ ಜೊತೆಗೇ ಇದ್ದವನು. ಈಗ ಅಲ್ಲಿ ಒಬ್ಬನೇ ಬಿಟ್ಟರೆ ಊಳಿಡುತ್ತಾನೆ, ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ಒಳಗೆ ತಂದುಕೊಂಡೆ. ನಮ್ಮ ಹಳೆಯ ನಾಯಿ ದೊರೆಗೆ ಅದು ಹಿಡಿಸಿಲ್ಲ. ಅವನಿಗೂ ವಯಸ್ಸಾಯಿತಲ್ಲ. ಆದರೂ ಪಾಪ, ಸಾಧುಪ್ರಾಣಿ. ಮರಿಯಾಗಿದ್ದಾಗಲೇ ಬೀಜ ತೆಗೆಯುವ ಆಪರೇಷನ್ ಆದದ್ದಕ್ಕೋ ಏನೋ, ಒಂದು ದಿನವೂ ಯಾರ ಮೇಲೂ ದನಿಯೆತ್ತಿದವನಲ್ಲ. ಬುಗುರಿ ಬಂದರೆ ಸುಮ್ಮನೆ ಎದ್ದು ಹೋಗಿ ಅಡುಗೆಮನೆಯ ಪ್ಯಾಸೇಜಿನಲ್ಲಿ ನಿಂತುಕೊಳ್ಳುತ್ತಾನೆ. ಬೊಗಳಿ ರಂಪ ಮಾಡುವುದು ನಿನ್ನವನೇ.

ನೀನು ಹೊರಟ ದಿನ ಒಡೆದ ಬಾಗಿಲಿಗೆ ಹೊಸ ಗಾಜು ಹಾಕಿಸಿದ್ದಾಯಿತು. ಆ ವಿಷಯ ಇನ್ನು ಬೇಡ. ವರ್ಕ್‌ಶಾಪು ಮುಚ್ಚಿದ ಮೇಲೆ ನಿನಗೆ ಮನಸ್ಸು ಸರಿಯಿರಲಿಲ್ಲ, ನನಗೆ ಗೊತ್ತು. ಆದರೆ ನಿನ್ನ ಕೋಪ ಮೂಗಿನ ತುದಿಯಲ್ಲಿರುತ್ತದೆ, ನಿನ್ನ ಭಾವ ಎದುರು ಮಾತಾಡುವವರಲ್ಲ. ಹಾಗಾಗಿಯೇ ನಿನಗೆ ಹೊರಡು ಎಂದದ್ದು. ದ್ವೀಪದ ಗಾಳಿ ನಿನ್ನ ತಲೆಯನ್ನು ತಣ್ಣಗೆ ಮಾಡಲಿ.

ಸ್ವೆಟರು ಹಾಕಿಕೋ.

ನಿನ್ನ ಅಕ್ಕ


ಫೆಬ್ರವರಿ 3

ಅಕ್ಕಾ,

ನಿನ್ನ ಪತ್ರ ಇವತ್ತಿನ ದೋಣಿಯಲ್ಲಿ ಬಂತು. ಇಲ್ಲಿಗೆ ತರಕಾರಿ, ಡೀಸೆಲ್ಲು, ಪತ್ರ ಎಲ್ಲ ಒಂದೇ ದೋಣಿಯಲ್ಲಿ ಬರಬೇಕು, ಅದೂ ಸಮುದ್ರ ಬಿಟ್ಟರೆ. ನಿನ್ನ ಲಕೋಟೆಗೆ ಈರುಳ್ಳಿ ವಾಸನೆ ಹತ್ತಿತ್ತು.

ನನ್ನದು ಜನರೇಟರಿನ ಕೋಣೆ. ಹವಾಮಾನ ನೋಡುವವರು ಮೇಲೆ ಗುಡ್ಡದ ಮೇಲಿದ್ದಾರೆ. ಗಾಳಿ ಎಷ್ಟು ಜೋರಿದೆ ಎಂದು ಅವರು ಅಳೆಯುತ್ತಾರೆ, ಅದೇ ಗಾಳಿಗೆ ಕಿತ್ತುಹೋದ ತಂತಿಯನ್ನು ನಾನು ಕಟ್ಟುತ್ತೇನೆ. ಅಡುಗೆಯವನ ಹತ್ತಿರ ಒಂದು ಹೆಣ್ಣುನಾಯಿ ಇದೆ, ನನ್ನ ಬೂಟಿನ ಮೇಲೆ ತಲೆಯಿಟ್ಟು ಮಲಗುತ್ತದೆ.

ಫಿನಾಯಿಲ್ ಹಾಕಬೇಡ. ಆ ಘಾಟಿಗೆ ಅವನು ತನ್ನ ಗುರುತು ಅಳಿಸಿಹೋಯಿತು ಎಂದುಕೊಂಡು ಮತ್ತೆ ಅಲ್ಲೇ ಕಾಲೆತ್ತುತ್ತಾನೆ. ಬಿಸಿನೀರು, ಸೋಡಾಪುಡಿ ಹಾಕಿ ಚೆನ್ನಾಗಿ ಉಜ್ಜು. ಥಾನುಗಳನ್ನು ಎತ್ತರಕ್ಕೆ ಇಡು. ಒಳಗಿರುವಾಗ ಅವನಿಗೆ ಉದ್ದದ ಹಗ್ಗ ಹಾಕಿ ನಿನ್ನ ಕುರ್ಚಿಗೆ ಕಟ್ಟಿಕೊಂಡಿರು. ನೀನು ಮಿಷನ್ ತುಳಿಯುತ್ತಿದ್ದರೆ ಆ ಸದ್ದಿಗೆ ಅವನು ಮಲಗಿಬಿಡುತ್ತಾನೆ. ಕಾಲೆತ್ತಲು ಹೊರಟಾಗ ಕರೆದು ಹೊರಗೆ ಒಯ್ಯಿ. ಆಮೇಲೆ ಬೈದರೆ ಅವನಿಗೆ ಏನೂ ತಿಳಿಯುವುದಿಲ್ಲ, ಬೈಯುವವರನ್ನು ಕಂಡರೆ ಹೆದರುವುದನ್ನು ಕಲಿಯುತ್ತಾನೆ ಅಷ್ಟೆ. ಇಬ್ಬರಿಗೂ ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕು. ಪ್ಯಾಸೇಜಿಗೆ ಒಂದು ಸಣ್ಣ ಗೇಟು ಹಾಕಿಸು. ದೊರೆಯ ಮೇಲೂ ಒಂದು ಕಣ್ಣಿರಲಿ.

ಒಂದು ಮಾತು ನಡೆಸಿಕೊಡು. ಅವನಿಗೆ ಆಪರೇಷನ್ ಮಾಡಿಸೋಣ ಎಂದು ಯಾರಾದರೂ ಹೇಳಿದರೆ, ನಾನು ಬರುವವರೆಗೆ ತಡಿ. ಬೇಡವೇ ಬೇಡ ಎನ್ನುತ್ತಿಲ್ಲ. ಅವನು ಗ್ಯಾರೇಜೊಂದರ ಹಿಂದೆ ಸರಪಳಿಯಲ್ಲಿ ಬೆಳೆದವನು. ಹಿಂದಿನಿಂದ ಕೈ ಬಂದರೆ ಇವತ್ತಿಗೂ ಕುಗ್ಗುತ್ತಾನೆ. ಆಪರೇಷನ್ ಮೇಜಿನ ಮೇಲೆ ಅವನ ತಲೆ ಹಿಡಿದುಕೊಂಡು ನಾನು ನಿಂತಿರಬೇಕು.

ಭಾವನಿಗೆ ಎಲ್ಲಾದರೂ ಕೆಲಸ ಸಿಕ್ಕಿತೇ?

ಪುಟ್ಟ


ಫೆಬ್ರವರಿ 24

ಪ್ರೀತಿಯ ಪುಟ್ಟಾ,

ನಿನ್ನ ಸೋಡಾಪುಡಿ ಕೆಲಸ ಮಾಡಿತು. ಹಗ್ಗವೂ ಕೆಲಸ ಮಾಡಿತು, ಒಂದು ಸಲ ಕುರ್ಚಿಯ ಸಮೇತ ನನ್ನನ್ನೂ ಎಳೆದುಕೊಂಡು ಹೋದದ್ದು ಬಿಟ್ಟರೆ. ಗೇಟಿನ ವಿಷಯ ಇವರಿಗೆ ಹೇಳಿದೆ, "ನೋಡೋಣ" ಎಂದರು. ಇನ್ನೂ ನೋಡುತ್ತಿದ್ದಾರೆ. ನಿನಗೆ ಗೊತ್ತಲ್ಲ, ಪ್ರೆಸ್ಸಿನವರು ಕರಡು ತಿದ್ದಲು ಇನ್ನು ಜನ ಬೇಡ ಎಂದ ಮೇಲೆ ಇವರು ಮನೆಯಲ್ಲೇ ಕೂತು ಹಳೆಯ ಪತ್ರಿಕೆಗಳಲ್ಲಿ ತಪ್ಪು ಹುಡುಕುತ್ತಿರುತ್ತಾರೆ. ಕೆಂಪು ಪೆನ್ನು ಮುಗಿದರೆ ಹೊಸದು ತರುತ್ತಾರೆ. ನಾನು ಏನೂ ಕೇಳುವುದಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ, ಗಾಬರಿಯಾಗಬೇಡ. ಪಕ್ಕದ ಬೀದಿಯ ಔಷಧದಂಗಡಿಯವರ ಹೆಣ್ಣುನಾಯಿ ಬೆದೆಗೆ ಬಂದಿತ್ತು. ಬುಗುರಿ ಊಟ ಬಿಟ್ಟ. ಬಾಗಿಲು ಕೆರೆದ, ಅತ್ತ, ಹೊಸ ಗಾಜಿಗೆ ಮೂಗು ತಿಕ್ಕಿದ. ನಾನು ಪಾರ್ಸೆಲ್ಲಿನವನಿಗೆ ಬಾಗಿಲು ತೆರೆದದ್ದೇ ತಡ, ಕಾಲ ಸಂದಿಯಿಂದ ನುಗ್ಗಿ ಕಾಂಪೌಂಡು ಹಾರಿ ಮಾಯವಾದ. ಮರುದಿನ ಸಂಜೆ ಬಂದ, ಮೈಯೆಲ್ಲ ಕೆಸರು, ಒಂದು ಕಿವಿ ಹರಿದಿತ್ತು. ಬಂದವನೇ ದೊರೆಯನ್ನು ನೋಡಿ ಬೊಗಳಿದ. ಇಬ್ಬರೂ ಪ್ಯಾಸೇಜಿನಲ್ಲಿ ಕಚ್ಚಾಡಿಕೊಂಡರು. ಬಕೆಟ್ ನೀರು ಎರಚಿ ಬಿಡಿಸಿದೆ.

ಕಿವಿಗೆ ಔಷಧಿ ಹಾಕಿಸಲು ಡಾಕ್ಟರಮ್ಮನ ಹತ್ತಿರ ಒಯ್ದಿದ್ದೆ. ಆಪರೇಷನ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: "ಹೆಣ್ಣಿನ ಹಿಂದೆ ಓಡೋದು, ಕಾಲೆತ್ತೋದು, ಮೇಲೆ ಹತ್ತೋದು ಇವು ಎಷ್ಟೋ ಕಡಿಮೆ ಆಗ್ಬೋದು. ಅದಕ್ಕೂ ಸ್ವಲ್ಪ ಕಾಲ ಬೇಕು. ಜಗಳ ನಿಲ್ಲುತ್ತೆ ಅಂತ ಮಾತ್ರ ನಾನು ಹೇಳಲ್ಲ. ಹೆದರೋ ನಾಯಿ ಆದ್ರೆ ಇನ್ನೂ ಹೆದರಿಕೊಂಡ್ರೂ ಹೆದರಿಕೊಂಡೀತು. ಮೊದಲು ಜಗಳ ಶುರು ಮಾಡೋದು ಯಾರು?"

"ಬುಗುರಿ," ಎಂದೆ. ಅದರಲ್ಲಿ ಯೋಚಿಸುವುದೇನಿದೆ?

ಇವರಂತೂ ಮಾಡಿಸಿಬಿಡು ಎನ್ನುತ್ತಾರೆ. ನೀನು ತಡಿ ಎಂದು ಬರೆದಿದ್ದೀಯ ಎಂದಾಗ ನಕ್ಕರು. ನನಗೂ ನಗು ಬಂತು, ಬೇಸರ ಮಾಡಿಕೊಳ್ಳಬೇಡ. ನಾಯಿಯ ವಿಷಯಕ್ಕೂ ನೀವು ಗಂಡಸರು ನಿಮ್ಮ ಮೀಸೆಯನ್ನೇ ಯಾಕೆ ಮುಟ್ಟಿ ನೋಡಿಕೊಳ್ಳುತ್ತೀರೋ! ದೊರೆಗೆ ಏನು ಕಡಿಮೆಯಾಗಿದೆ ಹೇಳು? ರಾಜನ ಹಾಗಿದ್ದಾನೆ.

ಬೇಗ ಬರೆ. ಕೈ ತುಂಬ ಕೆಲಸ, ಮನೆ ತುಂಬ ನಾಯಿ.

ಅಕ್ಕ


ಮಾರ್ಚ್ 19

ಅಕ್ಕಾ,

ಮೀಸೆಯ ಮಾತಲ್ಲ. ಅವನು ಹೆದರುತ್ತಾನೆ ಎಂದು ಬರೆದಿದ್ದೆ. ನೀನು ಅದನ್ನು ಓದಿಯೂ ನಕ್ಕಿದ್ದೀಯ.

ಔಷಧದಂಗಡಿಯವರ ನಾಯಿಯ ಬೆದೆ ಇಷ್ಟು ಹೊತ್ತಿಗೆ ಮುಗಿದಿರುತ್ತದೆ. ಮತ್ತೆ ಬರಲು ಎಷ್ಟೋ ತಿಂಗಳಿದೆ. ಅಷ್ಟರೊಳಗೆ ನಾನು ಏನಾದರೂ ವ್ಯವಸ್ಥೆ ಮಾಡುತ್ತೇನೆ. ಏನೆಂದು ಈಗ ಕೇಳಬೇಡ. ಆಗುತ್ತದೋ ಇಲ್ಲವೋ ಗೊತ್ತಾಗದೆ ಬಾಯಿ ಬಿಡುವುದಿಲ್ಲ.

ಅಲ್ಲಿಯವರೆಗೆ ತಡಿ. ಇದೊಂದೇ ನಾನು ಕೇಳುವುದು. ನಾನು ಆ ಮನೆಯಲ್ಲಿದ್ದಷ್ಟು ದಿನ ನಿನ್ನ ಹತ್ತಿರ ಬೇರೇನೂ ಕೇಳಿದ ನೆನಪಿಲ್ಲ.

ಪುಟ್ಟ


ಏಪ್ರಿಲ್ 8

ಪುಟ್ಟಾ,

ನಿನ್ನ ಪತ್ರ ಬಂತು. ಇಲ್ಲಿ ಎಲ್ಲ ಸರಿಯಾಗಿದೆ. ಬುಗುರಿ ಈಗ ಮೊದಲಿನಷ್ಟು ಗಲಾಟೆ ಮಾಡುವುದಿಲ್ಲ. ಹೆಚ್ಚು ಹೊತ್ತು ಕಪಾಟಿನ ಹಿಂದೆ ಮಲಗಿರುತ್ತಾನೆ. ಹೋಟೆಲಿನ ಪರದೆಗಳು ಮುಗಿದವು, ನೀಲಿಯದನ್ನು ಒಗೆದು ಹೊಲಿದುಕೊಟ್ಟೆ, ಯಾರಿಗೂ ತಿಳಿಯಲಿಲ್ಲ.

ಹೆಚ್ಚು ಬರೆಯಲು ಪುರುಸೊತ್ತಿಲ್ಲ. ಆರೋಗ್ಯ ನೋಡಿಕೋ.

ಅಕ್ಕ


ಏಪ್ರಿಲ್ 27

ಅಕ್ಕಾ,

ಈಗ ಬಾಯಿ ಬಿಡಬಹುದು. ಬುಗುರಿಯನ್ನು ಇಲ್ಲಿಗೆ ಕರೆತರಲು ಮೇಲಿನವರು ಒಪ್ಪಿದ್ದಾರೆ!

ಬಂದ ವಾರವೇ ಕೇಳಿದ್ದೆ. ಮುಖ್ಯಸ್ಥರು ಆಗುವುದಿಲ್ಲ ಎಂದರು. ಅವರ ಕೋಣೆಯ ಹೀಟರು ಕೆಟ್ಟಾಗ ರಿಪೇರಿ ಮಾಡುತ್ತ ಮತ್ತೆ ಕೇಳಿದೆ. ಫ್ಯಾನು ಕೆಟ್ಟಾಗ ಇನ್ನೊಮ್ಮೆ ಕೇಳಿದೆ. ಮೊನ್ನೆ ಏನೂ ಕೆಟ್ಟಿರಲಿಲ್ಲ, ಅವರೇ ಬಂದು, "ಆಯ್ತು ಮಾರಾಯ, ತಗೊಂಡು ಬಾ, ನಿನ್ನ ಮುಖ ನೋಡೋಕಾಗ್ತಿಲ್ಲ," ಎಂದರು. ಒಂದೇ ಷರತ್ತು. ಅಡುಗೆಯವನ ಹೆಣ್ಣುನಾಯಿ ಇದೆಯಲ್ಲ, ಹಾಗಾಗಿ ಬುಗುರಿಗೆ ಆಪರೇಷನ್ ಆಗಿರಬೇಕು. ನಗು ಈಗ, ಮೀಸೆ ಹೋಯಿತು. ಕೊನೆಗೂ ನಿನ್ನ ಮಾತೇ ನಡೆಯಿತು.

ನನಗೆ ರಜೆ ಸಿಗುವುದು ಆಗಸ್ಟಿನ ದೋಣಿಗೆ. ಬಂದವನು ನಾನೇ ಡಾಕ್ಟರಮ್ಮನ ಹತ್ತಿರ ಒಯ್ಯುತ್ತೇನೆ. ಗಾಯ ಮಾಯುವವರೆಗೆ ಹಿತ್ತಿಲ ಕೋಣೆಯಲ್ಲಿ ಇಬ್ಬರೂ ಇರುತ್ತೇವೆ, ಭಾವನಿಗೆ ತೊಂದರೆ ಕೊಡುವುದಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಸ್ಸು, ದೋಣಿ. ಪೆಟ್ಟಿಗೆಗೆ ಹೆದರದಂತೆ ಈಗಿಂದಲೇ ಅಭ್ಯಾಸ ಮಾಡಿಸುತ್ತೀಯಾ? ಬಾಗಿಲು ತೆರೆದಿಟ್ಟು ಊಟವನ್ನು ಅದರೊಳಗೇ ಇಡು, ಅವನಾಗಿಯೇ ಹೋಗಿ ಬರಲಿ. ಒಳಗೆ ಹಾಕಲು ನನ್ನ ಹಳೆಯ ಅಂಗಿ ಕಳಿಸುತ್ತಿದ್ದೇನೆ. ಒಗೆಯಬೇಡ.

ಇಲ್ಲಿ ಅವನಿಗೆ ಓಡಲು ಇಡೀ ಗುಡ್ಡ ಇದೆ.

ನಿನ್ನ ಪುಟ್ಟ


ಮೇ 2

ಪುಟ್ಟಾ,

ಹೇಗೆ ಹೇಳಲಿ ಎಂದು ಯೋಚಿಸುತ್ತ ಹಾಳೆಗಳನ್ನು ಹರಿದದ್ದೇ ಆಯಿತು. ನೇರವಾಗಿ ಹೇಳಿಬಿಡುತ್ತೇನೆ.

ಮಾರ್ಚ್ ಕೊನೆಯಲ್ಲಿ ಬುಗುರಿಗೆ ಆಪರೇಷನ್ ಮಾಡಿಸಿದೆ. ತಡಿ ಎಂದು ನೀನು ಬರೆದ ಪತ್ರ ಕೈಗೆ ಬಂದಿತ್ತು. ಬಂದ ಮೇಲೆಯೇ ಮಾಡಿಸಿದೆ. ಮುಗಿದುಹೋದರೆ ಆಮೇಲೆ ನೀನೂ ಒಪ್ಪಿಕೊಳ್ಳುತ್ತೀಯ ಎಂದುಕೊಂಡೆ. ನೀನು ಚಿಕ್ಕವನಾಗಿದ್ದಾಗ ಕಾಲಿಗೆ ಚುಚ್ಚಿದ ಮುಳ್ಳನ್ನು ನೀನು ಮಲಗಿರುವಾಗ ತೆಗೆಯುತ್ತಿದ್ದೆನಲ್ಲ, ಹಾಗೆ.

ನಾವು ಹೋದ ದಿನ ಡಾಕ್ಟರಮ್ಮ ರಜೆಯಲ್ಲಿದ್ದರು, ಬೇರೆಯವರಿದ್ದರು. ಬುಗುರಿ ಕಾರು ಹತ್ತಲಿಲ್ಲ. ಇವರೂ ಪಕ್ಕದ ಮನೆಯವರೂ ಸೇರಿ ಅವನನ್ನು ಜಾಲರಿ ಪೆಟ್ಟಿಗೆಯೊಳಗೆ ತುರುಕಿದರು. ಅಲ್ಲಿ ಬಾಯಿಗೆ ಪಟ್ಟಿ ಕಟ್ಟಿ ಮೇಜಿನ ಮೇಲೆ ಎತ್ತಿಟ್ಟಾಗ ಹೆದರಿ ಉಚ್ಚೆ ಹೊಯ್ದುಕೊಂಡನಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಹೊರಗೆ ನಿಂತಿದ್ದೆ.

ಗಾಯ ಬೇಗ ಮಾಯಿತು. ಕಾಲೆತ್ತುವುದು ಕಡಿಮೆಯಾಯಿತು, ಕಾಂಪೌಂಡಿನ ಕಡೆ ನೋಡುವುದನ್ನೂ ಬಿಟ್ಟ. ಆದರೆ ನನ್ನ ಕೈ ಕಂಡರೆ ಕಪಾಟಿನ ಹಿಂದೆ ಹೋಗುತ್ತಿದ್ದ. ಹಿಂದಿನ ಪತ್ರದಲ್ಲಿ ಶಾಂತವಾಗಿದ್ದಾನೆ ಎಂಬಂತೆ ಬರೆದೆನಲ್ಲ, ಅದು ಇದೇ.

ಜಗಳ ನಿಲ್ಲಲಿಲ್ಲ. ಹೋದ ವಾರ ಪ್ಯಾಸೇಜಿನಲ್ಲಿ ಇಬ್ಬರೂ ಕಚ್ಚಿಕೊಂಡು ಬಿಡದೇ ಹೋದಾಗ ನಡುವೆ ಕೈ ಹಾಕಿದೆ. ಹಾಕಬಾರದೆಂದು ಗೊತ್ತಿತ್ತು. ಬಲಗೈಯ ಅಂಗೈ ಸೀಳಿತು. ಬುಗುರಿಯೇ ಕಚ್ಚಿದ್ದು. ಹೊಲಿಗೆ ಹಾಕಿದ್ದಾರೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಇವರು ಬುಗುರಿಯ ಬೆಲ್ಟು, ಹಗ್ಗ, ಊಟದ ತಟ್ಟೆಯನ್ನು ತಂದು ಬಾಗಿಲ ಹತ್ತಿರ ಸಾಲಾಗಿ ಇಟ್ಟಿದ್ದರು.

ಊರಾಚೆ ಹೂಗಿಡಗಳ ನರ್ಸರಿ ನಡೆಸುವ ಒಬ್ಬ ಹೆಂಗಸಿದ್ದಾಳೆ, ಹಿಂದೆ ಅವಳಿಗೆ ನೆರಳುಬಲೆ ಹೊಲಿದುಕೊಟ್ಟಿದ್ದೆ. ಅವಳಿಗೆ ಕಾವಲಿಗೆ ನಾಯಿ ಬೇಕಿತ್ತು. ಅವನನ್ನು ಅವಳಿಗೆ ಕೊಟ್ಟುಬಿಟ್ಟೆ. ಕಾರಿನ ಹಿಂದಿನ ಗಾಜಿನಲ್ಲಿ ಅವನನ್ನು ನೋಡಬಾರದು ಎಂದು ಮುಂದೆಯೇ ನೋಡುತ್ತ ಕೂತಿದ್ದೆ.

ಬೈದು ಬರೆ. ಆದರೆ ಬರೆ.

ಅಕ್ಕ


ಮೇ 30

ಅಕ್ಕಾ,

ನನ್ನ ಏಪ್ರಿಲ್ ಪತ್ರ ನಿನಗೆ ತಲುಪಿರಬೇಕು. ಅದನ್ನು ಹರಿದುಹಾಕು.

ಕೈಗೆ ನೀರು ತಾಗಿಸಬೇಡ.

ಪುಟ್ಟ


ಜೂನ್ 21

ಪುಟ್ಟಾ,

ನಿನ್ನ ಏಪ್ರಿಲ್ ಪತ್ರ ಬಂದದ್ದು, ನಾನು ಅವನನ್ನು ಬಿಟ್ಟುಬಂದ ಮೇಲೆ. ಜೊತೆಗೆ ನಿನ್ನ ಅಂಗಿಯ ಪೊಟ್ಟಣ. ಪತ್ರವನ್ನು ಹರಿದಿಲ್ಲ. ಅಂಗಿಯನ್ನು ಒಗೆದಿಲ್ಲ. ಎರಡನ್ನೂ ಎಲ್ಲಿಡಬೇಕೆಂದು ಗೊತ್ತಾಗದೆ ಮಿಷನ್ನಿನ ಖಾನೆಯಲ್ಲಿಟ್ಟಿದ್ದೇನೆ.

ನಿನಗೆ ಓದಲು ಮನಸ್ಸಿಲ್ಲದಿದ್ದರೂ ಮುಂದಿನದನ್ನು ಹೇಳಲೇಬೇಕು.

ಕೈ ಕಟ್ಟಿಕೊಂಡು ಕೂತವಳಿಗೆ ನೋಡುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಔಷಧದಂಗಡಿಯವರು ಊರಿಗೆ ಹೋಗುವಾಗ ತಮ್ಮ ಹೆಣ್ಣುನಾಯಿಯನ್ನು ನಮ್ಮಲ್ಲಿ ಬಿಟ್ಟರು. ಬಡಪಾಯಿ, ಸೊಳ್ಳೆಗೂ ದಾರಿ ಬಿಡುವಂಥದ್ದು. ನೀರು ಕುಡಿಯಲು ಅಡುಗೆಮನೆಗೆ ಹೊರಟಿತು. ದೊರೆ ಎದ್ದ. ಪ್ಯಾಸೇಜಿನಲ್ಲಿ ಅಡ್ಡ ನಿಂತ. ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಮೈ ಮರದ ಹಾಗೆ ಬಿಗಿಮಾಡಿ, ತಲೆ ತಗ್ಗಿಸಿ, ರೆಪ್ಪೆ ಬಡಿಯದೆ ಅದರ ಕಣ್ಣನ್ನೇ ನೋಡಿದ. ಅದು ಬಾಲ ಮುದುರಿ ಹಿಂದೆ ಬಂತು. ಮತ್ತೆ ಹೋಯಿತು. ಅವನು ಮತ್ತೆ ನಿಂತ. ಹಾಗೆ ಬೆಳಿಗ್ಗೆಯೆಲ್ಲ. ಕೊನೆಗೆ ಆ ಹೆಣ್ಣು ನಾಯಿ, ಬೊಗಳಿದ್ದನ್ನೇ ನಾನು ಕೇಳಿರದ ನಾಯಿ, ಹುಚ್ಚು ಹಿಡಿದ ಹಾಗೆ ಬೊಗಳತೊಡಗಿತು. ಇವರು ಪೇಪರಿನಿಂದ ತಲೆಯೆತ್ತಿ, "ಇದೂ ಶುರು ಮಾಡ್ತಲ್ಲಪ್ಪ," ಎಂದರು.

ನೀರಿನ ಬಟ್ಟಲನ್ನು ಎತ್ತಿ ತಂದು ಅದರ ಮುಂದಿಟ್ಟೆ.

ದೊರೆಯನ್ನು ಡಾಕ್ಟರಮ್ಮನ ಹತ್ತಿರ ಒಯ್ದೆ. ಬಾಯಿ ತೆರೆಸಿ ನೋಡಿದರು. ಹಿಂದಿನ ದವಡೆಹಲ್ಲು ಬೇರಿನವರೆಗೆ ಸೀಳಿ ಕೊಳೆತಿತ್ತು. ಸೊಂಟದ ಕೀಲೂ ಸವೆದಿದೆಯಂತೆ. ಯಾರಾದರೂ ಪಕ್ಕದಿಂದ ಹಾದುಹೋದರೆ ಎಲ್ಲಿ ತಾಗುತ್ತಾರೋ ಎಂದೇ ಅಡ್ಡ ನಿಲ್ಲುತ್ತಿದ್ದಿರಬೇಕು ಎಂದರು.

"ಆಪರೇಷನ್ ಆದ ನಾಯಿ ಅಲ್ವಾ ಡಾಕ್ಟ್ರೇ, ಸಾಧು ಅಂದುಕೊಂಡಿದ್ದೆ," ಎಂದೆ.

"ಆಪರೇಷನ್ ಆದ್ರೆ ನೋವಾಗಲ್ವಾ? ಹೆದರಿಕೆ ಆಗಲ್ವಾ? ಬೊಗಳಿದವನನ್ನ ಪೋಕರಿ ಅಂತೀರಿ. ಸುಮ್ನೆ ನಿಂತವನನ್ನ ಸಾಧು ಅಂತೀರಿ. ನಿಂತಿದ್ದು ಎಲ್ಲಿ ಅಂತ ನೋಡ್ಬೇಕು."

ನೀನೂ ಬರೆದಿದ್ದೆ, ದೊರೆಯ ಮೇಲೂ ಒಂದು ಕಣ್ಣಿರಲಿ ಎಂದು. ಹಲ್ಲು ಕೀಳಿಸಿದೆ. ಈಗ ಅವನು ಹೆಣ್ಣುನಾಯಿಗೆ ದಾರಿ ಬಿಡುತ್ತಾನೆ, ಆಗಾಗ. ಪ್ಯಾಸೇಜಿಗೆ ಗೇಟನ್ನೂ ಹಾಕಿಸಿದೆ. ಅವತ್ತು ನನ್ನ ಅಂಗೈ ಕಚ್ಚಿದ್ದು ಯಾರು ಎಂದು ಈಗ ನನಗೆ ಗೊತ್ತಿಲ್ಲ. ಆಗ ಗೊತ್ತಿದೆ ಎಂದುಕೊಂಡಿದ್ದೆ.

ಇನ್ನೊಂದು ವಿಷಯ. ಅದೇ ವಾರ ಒಂದು ಸಂಜೆ ನಾನು ಎಡಗೈಯಲ್ಲಿ ಕಾಫಿ ಲೋಟಗಳನ್ನು ಹಿಡಿದು ಬರುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಸರಿಯಲಿಲ್ಲ. ಬೇಕೆಂದಲ್ಲ, ಯಾವುದೋ ಯೋಚನೆಯಲ್ಲಿದ್ದರು. ಆದರೆ ನನ್ನ ಕಣ್ಣ ಮುಂದೆ ನೀನು ಬಂದೆ. ಊಟದ ತಟ್ಟೆ ಹಿಡಿದು ಅದೇ ಜಾಗದಲ್ಲಿ ನೀನು ನಿಂತಿರುತ್ತಿದ್ದೆಯಲ್ಲ. ನಾನು ಮಿಷನ್ನಿನ ಮುಂದೆ, ನಿಮ್ಮಿಬ್ಬರಿಗೂ ಬೆನ್ನು ಹಾಕಿ ಕೂತಿರುತ್ತಿದ್ದೆ. ನನಗೆ ಕೇಳುತ್ತಿದ್ದದ್ದು ನಿನ್ನ ದನಿ ಮಾತ್ರ.

"ಪುಟ್ಟ ಒಳಗೆ ಬರುವಾಗ ನೀವು ಹೀಗೇ ನಿಲ್ತಿದ್ರಾ?" ಎಂದು ಕೇಳಿದೆ.

"ಹೇಗೆ?"

"ಹೀಗೆ. ಅಡ್ಡ."

"ನಾನು ಅವನಿಗೆ ಒಂದು ಮಾತೂ ಅಂದಿಲ್ಲ," ಎಂದರು.

"ಅದೇ," ಎಂದೆ.

ಲೋಟಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು. ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದರು: "ಪ್ರೆಸ್ಸಲ್ಲಿ ಬೇಡ ಅಂದ್ಮೇಲೆ ನನಗೆ ಈ ಮನೇಲಿ ಎಲ್ಲಿ ಕೂರ್ಬೇಕು ಅಂತಲೇ ಗೊತ್ತಾಗ್ತಿರಲಿಲ್ಲ. ಅವನು ವರ್ಕ್‌ಶಾಪು ಮುಚ್ಚಿದ್ರೂ ಬೆಳಿಗ್ಗೆ ಎದ್ದು ಹಾಡು ಹೇಳ್ಕೊಂಡು ಹಲ್ಲುಜ್ಜೋನು. ಅದನ್ನ ಕೇಳೋಕಾಗ್ತಿರಲಿಲ್ಲ ನನಗೆ." ಇವರ ಮೇಲೆ ಸಿಟ್ಟು ಮಾಡಲು ಹೋದೆ, ಸಿಟ್ಟು ಬರಲಿಲ್ಲ. ಹೊರಡು ಎಂದವಳು ನಾನು. ಬೆನ್ನು ಹಾಕಿ ಕೂತು, ತಿರುಗಿ ನೋಡದೇ ಹೇಳಿದವಳೂ ನಾನೇ.

ಮರುದಿನ ಇಬ್ಬರೂ ನರ್ಸರಿಗೆ ಹೋದೆವು, ಬುಗುರಿಯನ್ನು ವಾಪಸು ತರೋಣ ಎಂದು. ಇವರು ಕಾರಿನಲ್ಲೇ ಕೂತರು. ನರ್ಸರಿಯವಳು ಪೈಪು ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಳು, ಬುಗುರಿ ಆ ನೀರಿನ ಹಿಂದೆ ಗಿರಗಿರನೆ ಸುತ್ತುತ್ತಿದ್ದ. ನನ್ನನ್ನು ಕಂಡ ಕೂಡಲೇ ಓಡಿಬಂದ. ಬಾಲ ಆಡಿಸಿದ, ಬ್ಯಾಂಡೇಜು ಮೂಸಿ ನೆಕ್ಕಿದ. ನನಗೆ ಅಳು ತಡೆಯಲಾಗಲಿಲ್ಲ. "ಬಾರೋ, ಮನೆಗೆ ಹೋಗೋಣ," ಎಂದೆ. ಗೇಟಿನವರೆಗೆ ನನ್ನ ಪಕ್ಕದಲ್ಲೇ ಬಂದ. ಕಾರು ಕಂಡದ್ದೇ ಕೂತುಬಿಟ್ಟ. ಇನ್ನೊಮ್ಮೆ ಕರೆದೆ. ಮುಖ ತಿರುಗಿಸಿ ಕುಂಡಗಳ ನಡುವೆ ಹೋಗಿ ಮಲಗಿದ. ನನ್ನ ಮೇಲೆ ಅವನಿಗೆ ದ್ವೇಷವಿಲ್ಲ ಪುಟ್ಟಾ. ನಂಬಿಕೆಯಿಲ್ಲ, ಅಷ್ಟೆ.

ನೀನು ಆಗಸ್ಟಿನಲ್ಲಿ ಬಂದರೆ ನಿನ್ನ ಜೊತೆ ಬರುತ್ತಾನೆ. ಬಾ. ಹಿತ್ತಿಲ ಕೋಣೆ ಗುಡಿಸಿಟ್ಟಿದ್ದೇನೆ. ಬೇಡ, ಒಳಗಿನ ಕೋಣೆಯನ್ನೇ ಕೊಡುತ್ತೇನೆ.

ನಿನ್ನ ಅಕ್ಕ


ಆಗಸ್ಟ್ 17

ಅಕ್ಕಾ,

ಬಂದರಿನ ಟಿಕೆಟ್ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ದೋಣಿಗೆ ಇನ್ನೂ ಡೀಸೆಲ್ಲು ತುಂಬುತ್ತಿದ್ದಾರೆ. ಬಂದು ಹೋದದ್ದನ್ನು ನಿನಗೆ ತಿಳಿಸಿಲ್ಲ. ಈಗ ತಿಳಿಸುತ್ತಿದ್ದೇನೆ.

ನೇರ ನರ್ಸರಿಗೆ ಹೋದೆ. ಬುಗುರಿ ಮೊದಲು ನನ್ನನ್ನು ನೋಡಿ ಬೊಗಳಿದ. ನನ್ನ ಮೈಗೆ ಡೀಸೆಲ್ಲು, ಉಪ್ಪು, ಬೇರೆ ನಾಯಿಯ ವಾಸನೆ. ಹತ್ತಿರ ಬಂದು ಮೂಸಿದ. ಆಮೇಲೆ ಆದದ್ದನ್ನು ಬರೆಯಲು ಬರುವುದಿಲ್ಲ. ನರ್ಸರಿಯವಳು ಪೈಪು ನಿಲ್ಲಿಸಿ ಒಳಗೆ ಹೋದಳು, ನಾವಿಬ್ಬರೇ ಇರಲಿ ಎಂದು.

ಒಂದು ವಾರ ಅಲ್ಲೇ, ಅವಳ ಗೊಬ್ಬರದ ಶೆಡ್ಡಿನಲ್ಲಿ ಇದ್ದೆ. ಮುರಿದ ಪಂಪನ್ನು ರಿಪೇರಿ ಮಾಡಿಕೊಟ್ಟೆ. ಬುಗುರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದ. ಅವಳು ಅವನ ಮೈಯನ್ನೆಲ್ಲ ಬಾಚುತ್ತಾಳೆ, ಹಿಂದಿನಿಂದಲೂ. ಅವನು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಾನೆ. ನನ್ನ ಕೈಯಲ್ಲೂ ಹಾಗೆ ನಿಂತವನಲ್ಲ. ಅವಳಿಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದೆ. "ಏನೂ ಮಾಡ್ಲಿಲ್ಲ. ನನಗೆ ಕೆಲಸ ಇತ್ತು, ಅವನ ಪಾಡಿಗೆ ಬಿಟ್ಟಿದ್ದೆ, ಅವನೇ ಬಂದ," ಎಂದಳು.

"ಕರ್ಕೊಂಡು ಹೋಗಿ, ನಿಮ್ಮ ನಾಯಿ," ಎಂದೂ ಅವಳೇ ಹೇಳಿದಳು. ಪೆಟ್ಟಿಗೆ ತಂದೆ. ಬಾಗಿಲು ತೆರೆದಿಟ್ಟು ಊಟ ಇಟ್ಟೆ. ಅವನು ಊಟ ಮಾಡಲಿಲ್ಲ. ಮೂರನೆಯ ದಿನ ನಾನೇ ಪೆಟ್ಟಿಗೆಯೊಳಗೆ ತಲೆ ಹಾಕಿ ಮಲಗಿ ತೋರಿಸಿದೆ. ದೂರದಲ್ಲಿ ನಿಂತು ನಡುಗಿದ. ಇವತ್ತು ಬೆಳಿಗ್ಗೆ, ಆದದ್ದಾಗಲಿ ಎಂದು ಎತ್ತಿ ಒಳಗಿಟ್ಟೆ. ಕಚ್ಚಲಿಲ್ಲ ಅಕ್ಕ. ಒದ್ದಾಡಲೂ ಇಲ್ಲ. ಮೂಲೆಗೆ ಒತ್ತಿಕೊಂಡು ಉಚ್ಚೆ ಹೊಯ್ದುಕೊಂಡ, ನನ್ನನ್ನು ನೋಡಿದ. ಬಸ್ಸಿನಲ್ಲಿ ಅಷ್ಟು ದೂರ, ಆಮೇಲೆ ದೋಣಿಯಲ್ಲಿ ಇಡೀ ದಿನ ಹೀಗೇ ಇರಬೇಕಲ್ಲ ಎನಿಸಿತು. ನಾನು ಬಾಗಿಲು ತೆರೆದೆ.

ಅವನು ಅಲ್ಲೇ ಇರುತ್ತಾನೆ. ಮುಖ್ಯಸ್ಥರಿಗೆ ಏನಾದರೊಂದು ಹೇಳುತ್ತೇನೆ.

ನೀನು ಭಾವನನ್ನು ಕೇಳಿದ್ದಕ್ಕೆ ನನ್ನ ಉತ್ತರ: ಹೌದು, ಅವರು ಅಡ್ಡ ನಿಲ್ಲುತ್ತಿದ್ದರು. ನಾನು ಹಾಲಿಗೆ ಬಂದರೆ ಫ್ಯಾನು ಆರಿಸಿ ಎದ್ದು ಹೋಗುತ್ತಿದ್ದರು. ಅದನ್ನು ನಿನಗೆ ಹೇಗೆ ಹೇಳುವುದು? ಭಾವ ಫ್ಯಾನು ಆರಿಸಿದರು ಎಂದು ದೂರು ಕೊಡುವುದೇ? ಬಾಯಿ ತೆರೆದರೆ ನಾನೇ ಸಣ್ಣವನಾಗುತ್ತಿದ್ದೆ. ಹಾಗೆಂದು ಗಾಜು ಒಡೆದದ್ದು ಅವರಲ್ಲ, ನನ್ನ ಕೈ. ಅವರಿಗೂ ಮನೆಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಇದನ್ನು ಅವರಿಗೆ ಓದಿ ಹೇಳು.

ನಿನ್ನ ಬೀದಿಯ ತುದಿಯವರೆಗೆ ಬಂದಿದ್ದೆ. ನೀನು ಗೇಟಿನ ಹತ್ತಿರ ಯಾರದೋ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ಕೊಡವುತ್ತಿದ್ದೆ. ಕೈ ವಾಸಿಯಾಗಿದೆ ಎಂದು ನೋಡಿದೆ, ತಿರುಗಿ ಹೋದೆ. ಒಳಗಿನ ಕೋಣೆ ಕೊಡುತ್ತೇನೆ ಎಂದು ಬರೆದಿದ್ದೀಯ. ಮುಂದೆ ಯಾವತ್ತಾದರೂ ಬರುತ್ತೇನೆ. ಈ ಸಲ ಆಗಲಿಲ್ಲ.

ಭಾನುವಾರಗಳಲ್ಲಿ ಬುಗುರಿಯನ್ನು ನೋಡಲು ಹೋಗು. ಕಾರನ್ನು ದೂರ ನಿಲ್ಲಿಸಿ ನಡೆದು ಹೋಗು, ಕರೆಯಬೇಡ, ಸುಮ್ಮನೆ ಕೂತುಕೋ. ಅವನಿಗೆ ನಿನ್ನ ಮೇಲೆ ಕೋಪವಿಲ್ಲ ಎಂದು ಬರೆದಿದ್ದೀಯ, ನಿಜ. ನನಗಿದೆ. ಇನ್ನೂ ಸ್ವಲ್ಪ ಕಾಲ ಇರುತ್ತದೆ. ಅದಕ್ಕೆ ಹೆದರಿ ಬರೆಯುವುದನ್ನು ನಿಲ್ಲಿಸಬೇಡ. ನನ್ನ ಉತ್ತರ ತಡವಾದರೆ ಪ್ರತಿ ಸಲವೂ ಸಮುದ್ರವನ್ನು ದೂರಬೇಡ. ಕೆಲವು ಸಲ ತಡ ಮಾಡಿದವನು ನಾನೇ ಆಗಿರುತ್ತೇನೆ.

ಪುಟ್ಟ